ಕಿವಿ ನೋಡಿ ಬಣ್ಣ ಹೇಳುವವರು

ಎಂಟು ವಾರದ ಯಾರ್ಕ್‌ಶೈರ್ ಟೆರಿಯರ್ ಮರಿಯನ್ನು ಅಂಗೈ ಮೇಲೆ ಕೂರಿಸಿಕೊಂಡು "ಇದು ಪಕ್ಕಾ ಸಿಲ್ವರ್ ಆಗ್ತೈತ್ರಿ ಸಾರ್, ನಂದು ಗ್ಯಾರಂಟಿ" ಅನ್ನುವವನು ಸುಳ್ಳು ಹೇಳುತ್ತಿದ್ದಾನೆ. ಗೊತ್ತಿದ್ದೂ ಹೇಳಿದರೆ ಅದು ಮೋಸ. ಗೊತ್ತಿಲ್ಲದೆ ಹೇಳಿದರೆ ಅವನಿಗೆ ನಾಯಿ ಮಾರುವ ಯೋಗ್ಯತೆ ಇಲ್ಲ. ಎರಡರಲ್ಲಿ ಯಾವುದು ಅಂತ ಅವನೇ ಆರಿಸಿಕೊಳ್ಳಲಿ. ಆ ಗ್ಯಾರಂಟಿಯನ್ನು ನಂಬಿ ಐದು ಸಾವಿರ ಜಾಸ್ತಿ ಎಣಿಸಿ ಕೊಡುವವರ ಜೊತೆಗೂ ನನ್ನ ಜಗಳ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಹೊಸಪೇಟೆಯಲ್ಲಿ ನಾಯಿ ಫ್ಯಾಷನ್ನು ಬದಲಾಗುವುದನ್ನು ನೋಡುತ್ತಲೇ ಬಂದಿದ್ದೇನೆ. ಮೊದಲು ಎಲ್ಲಿ ನೋಡಿದರೂ ಪೊಮೆರೇನಿಯನ್. 2003ರಲ್ಲಿ ಹಚ್ ಫೋನಿನ ಜಾಹೀರಾತು ಬಂದದ್ದೇ ತಡ, ಎಲ್ಲರಿಗೂ ಪಗ್ ಬೇಕಾಯಿತು. ಸಂಡೂರಿನ ಅದಿರಿನ ದುಡ್ಡು ಹರಿದಾಡಿದ ಕಾಲದಲ್ಲಿ ಗೇಟುಗಳ ಹಿಂದೆ ಕರುವಿನಷ್ಟೆತ್ತರದ ನಾಯಿಗಳು ಬಂದವು. ಈಗ ಸಣ್ಣ ನಾಯಿಯ ಕಾಲ. ಮಡಿಲಲ್ಲಿ ಕೂರಬೇಕು, ರೀಲ್ಸಿನಲ್ಲಿ ಚೆಂದ ಕಾಣಬೇಕು. ಹಾಗಾಗಿ ಯಾರ್ಕಿ. ಮರಿ ದೂರದ ಊರಿನಿಂದ ರಾತ್ರಿ ಬಸ್ಸಿನಲ್ಲಿ ಬುಟ್ಟಿಯೊಳಗೆ ಬರುತ್ತದೆ. ಅದಕ್ಕಿಂತ ಮೊದಲೇ ವಾಟ್ಸ್ಯಾಪಿನಲ್ಲಿ ಫೋಟೋ ಬಂದಿರುತ್ತದೆ. ಫೋಟೋದಲ್ಲಿ ಇರುವುದು ಬೆಳೆದ ನಾಯಿ. ನೆಲ ಮುಟ್ಟುವ ಬೆಳ್ಳಿ ಕೂದಲು, ಹೊಂಬಣ್ಣದ ಮುಖ, ನೆತ್ತಿಯ ಮೇಲೆ ಕೆಂಪು ರಿಬ್ಬನ್ನು. ಬುಟ್ಟಿಯಲ್ಲಿ ಇರುವುದು ಹೆಗ್ಗಣದಷ್ಟು ದೊಡ್ಡ ಕರೀ ಮರಿ. ಆ ಫೋಟೋವನ್ನೂ ಈ ಬುಟ್ಟಿಯನ್ನೂ ಸೇರಿಸುವ ಸೇತುವೆ ಒಂದೇ. ಮಾರುವವನ ನಾಲಿಗೆ.

ಈಗ ವಿಷಯಕ್ಕೆ ಬರೋಣ. ಯಾರ್ಕಿ ಮರಿಗಳು ಹುಟ್ಟುವಾಗ ಬೆನ್ನೆಲ್ಲ ಕಪ್ಪು. ಹುಬ್ಬಿನ ಮೇಲೆ, ಮೂತಿಯ ಪಕ್ಕ, ಎದೆ ಮೇಲೆ, ಕಾಲಿನ ತುದಿಗೆ ಕಂದು ಚುಕ್ಕೆ. ದೊಡ್ಡದಾದ ಮೇಲೆ ಬೆನ್ನಿನ ಕಪ್ಪು ನಿಧಾನವಾಗಿ ತಿಳಿಯಾಗುತ್ತ ಉಕ್ಕಿನ ಬೂದು ನೀಲಿಗೆ ತಿರುಗುತ್ತದೆ, ತಲೆ ಮತ್ತು ಕಾಲುಗಳ ಕಪ್ಪು ಹೋಗಿ ಹೊಂಬಣ್ಣ ಹರಡುತ್ತದೆ. ಈ ಬದಲಾವಣೆ ಸಾಮಾನ್ಯವಾಗಿ ಐದಾರು ತಿಂಗಳಿಗೆ ತಲೆಯ ಕಡೆಯಿಂದ ಶುರು. ಬೆನ್ನಿನದು ಇನ್ನೂ ನಿಧಾನ. ಪೂರ್ತಿ ಮುಗಿಯಲು ಎರಡು ವರ್ಷ, ಕೆಲವಕ್ಕೆ ಮೂರು. ಕೆಲವು ಬೇಗ ತಿರುಗಿ ಇನ್ನೂ ತಿಳಿಯಾಗುತ್ತ ಹೋಗುತ್ತವೆ. ಕೆಲವು ಹೆಚ್ಚುಕಡಿಮೆ ಕಪ್ಪಾಗಿಯೇ ಉಳಿದುಬಿಡುತ್ತವೆ. ಒಂದೇ ಬಸಿರಿನ ನಾಲ್ಕು ಮರಿಗಳು ನಾಲ್ಕು ಛಾಯೆಗೆ ನಿಲ್ಲುವುದೂ ಉಂಟು.

ಒಳಗೆ ನಡೆಯುವುದು ಇಷ್ಟು. ಪ್ರತಿ ಕೂದಲಿನ ಬುಡದಲ್ಲಿ ಬಣ್ಣ ತಯಾರಿಸುವ ಜೀವಕೋಶಗಳಿವೆ. ಯಾರ್ಕಿಯಲ್ಲಿ ವಯಸ್ಸಾಗುತ್ತ ಬಂದಂತೆ ಅವು ಕಪ್ಪು ಬಣ್ಣವನ್ನು ಕಡಿಮೆ ತುಂಬುತ್ತವೆ. ನಮಗೆ ನಲವತ್ತರಲ್ಲಿ ಬರುವ ನರೆ ಈ ನಾಯಿಗೆ ಮೊದಲ ವರ್ಷದಲ್ಲೇ ಬರುತ್ತದೆ ಅಂದುಕೊಳ್ಳಿ. ಈಗ ನೀವೇ ಹೇಳಿ. ತೊಟ್ಟಿಲಲ್ಲಿ ಮಲಗಿರುವ ಕೂಸಿನ ತಲೆ ನೋಡಿ, "ಈ ಹುಡುಗನಿಗೆ ಮೂವತ್ತೆಂಟಕ್ಕೆ ನರೆ ಬರುತ್ತೆ, ಅದೂ ಬರೀ ಕಿವಿ ಪಕ್ಕ" ಅಂತ ಯಾರಾದರೂ ಗ್ಯಾರಂಟಿ ಕೊಟ್ಟರೆ ದುಡ್ಡು ಕೊಡ್ತೀರಾ? ಅಪ್ಪನಿಗೆ ಬೇಗ ನರೆ ಬಂದಿದ್ದರೆ ಮಗನಿಗೂ ಬರಬಹುದು ಅಂತ ಹೇಳಬಹುದು. ಅಷ್ಟೇ. ಅದು ಅಂದಾಜು.

ಅಂದಾಜಿನ ಬಗ್ಗೆ ನನಗೆ ತಕರಾರಿಲ್ಲ. ವರ್ಷಾನುಗಟ್ಟಲೆ ಇದೇ ತಳಿ ಸಾಕಿದವರು ಅಂದಾಜು ಮಾಡುತ್ತಾರೆ, ಒಳ್ಳೆಯ ಅಂದಾಜನ್ನೇ ಮಾಡುತ್ತಾರೆ. ಹೇಗೆ? ಮೊದಲು ಅಪ್ಪ ಅಮ್ಮನನ್ನು ನೋಡುತ್ತಾರೆ, ಸಿಕ್ಕರೆ ಅಜ್ಜ ಅಜ್ಜಿಯನ್ನೂ. ಅದೇ ಜೋಡಿಯ ಹಿಂದಿನ ಮರಿಗಳು ಎರಡು ವರ್ಷಕ್ಕೆ ಯಾವ ಬಣ್ಣಕ್ಕೆ ಬಂದು ನಿಂತವು ಅಂತ ಕೇಳುತ್ತಾರೆ. ಕೂದಲನ್ನು ಬೆರಳಲ್ಲಿ ಉಜ್ಜಿ ನೋಡುತ್ತಾರೆ. ರೇಷ್ಮೆಯಂಥ ಕೂದಲೇ ಬೇರೆ, ಹತ್ತಿಯಂತೆ ಉಬ್ಬುವ ಕೂದಲೇ ಬೇರೆ. ಮರಿಗೆ ಐದಾರು ತಿಂಗಳಾದ ಮೇಲೆ ಬೆನ್ನಿನ ಕೂದಲನ್ನು ಬೈತಲೆಯಂತೆ ಬಿಡಿಸಿ ಬುಡ ನೋಡುತ್ತಾರೆ. ಈ ನಾಯಿಯ ಕೂದಲು ಉದ್ದ ಬೆಳೆಯುತ್ತ ಹೋಗುವುದರಿಂದ ತುದಿ ಹಳೇ ಸುದ್ದಿ, ಬುಡ ಹೊಸ ಸುದ್ದಿ. ಮೇಲೆ ಕಪ್ಪು ಕಂಡರೂ ಬುಡದಲ್ಲಿ ಬೂದು ಕಂಡರೆ ಬಣ್ಣ ತಿರುಗುತ್ತಿದೆ ಅಂತ ಅರ್ಥ. ಎಷ್ಟೋ ಮನೆಗಳಲ್ಲಿ ಬೇಸಿಗೆಗೆ ಕೂದಲು ಕತ್ತರಿಸಿದ ದಿನವೇ "ಅಯ್ಯೋ, ನಾಯಿ ಬಣ್ಣ ಬದಲಾಯ್ತು" ಅಂತ ಗಾಬರಿ ಬೀಳುವುದು ಇದಕ್ಕೇ. ಬಣ್ಣ ಆವತ್ತು ಬದಲಾಗಿರುವುದಿಲ್ಲ, ಹಳೇ ತುದಿ ಹೋಗಿರುತ್ತದೆ.

ಡಿಎನ್‌ಎ ಪರೀಕ್ಷೆ ಇದೆಯಲ್ಲ ಅಂತೀರಿ. ಇದೆ. ಮರಿಯೊಳಗೆ ಚಾಕೊಲೇಟ್ ಬಣ್ಣದ ಅಂಶ ಅಡಗಿದೆಯೇ, ಬಣ್ಣ ತೆಳುವಾಗಿಸುವ ಅಂಶ ಇದೆಯೇ ಅಂತ ಅದು ಹೇಳುತ್ತದೆ. ಯಾವ ತಿಂಗಳಲ್ಲಿ, ಯಾವ ಛಾಯೆಗೆ ಬಂದು ನಿಲ್ಲುತ್ತದೆ ಅಂತ ಹೇಳುವುದಿಲ್ಲ.

ಇಷ್ಟನ್ನೆಲ್ಲ ನೋಡಿ ಪ್ರಾಮಾಣಿಕನಾದವನು ಹೇಳುವ ಮಾತು ಒಂದೇ. "ಇದರ ಮನೆತನದಲ್ಲಿ ತಿಳಿ ಬಣ್ಣ ಜಾಸ್ತಿ, ಬರಬಹುದು, ಕಾದು ನೋಡಿ." ನಮ್ಮೂರ ವ್ಯಾಪಾರಿ ಎಂಟು ವಾರಕ್ಕೆ, ಎಷ್ಟೋ ಸಲ ಐದು ವಾರಕ್ಕೇ ಮಾರುತ್ತಾನೆ. ಆ ವಯಸ್ಸಿನಲ್ಲಿ ಬೂದು ಬಣ್ಣದ ಸುಳಿವು ಬುಡದಲ್ಲೂ ಇರುವುದಿಲ್ಲ, ತುದಿಯಲ್ಲೂ ಇರುವುದಿಲ್ಲ. ಸಾಕ್ಷಿ ಹುಟ್ಟುವ ಮೊದಲೇ ತೀರ್ಪು!

ಕಂಪ್ಲಿ ಕಡೆ ಭತ್ತ ಬೆಳೆಯುವ ರೈತರನ್ನು ಕೇಳಿ. ಸಸಿಮಡಿ ನೋಡಿದರೆ ಪೈರು ಹೇಗೆ ಬಂದೀತು ಅಂತ ಅವರಿಗೆ ಅಂದಾಜು ಸಿಗುತ್ತದೆ. ಆದರೂ ಎಕರೆಗೆ ಇಷ್ಟು ಚೀಲ ಅಂತ ಬರೆದುಕೊಡುವ ರೈತನನ್ನು ನಾನು ಕಂಡಿಲ್ಲ. ಯಾಕಂದ್ರೆ ಅವರಿಗೆ ಗೊತ್ತು. ಡ್ಯಾಮ್ ತುಂಬಿತ್ತು, ಎಲ್ಲರೂ ನೆಮ್ಮದಿಯಿಂದ ಇದ್ದರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು ಕೊಚ್ಚಿಕೊಂಡು ಹೋಯಿತು. ಬೆಳಿಗ್ಗೆ ಎದ್ದರೆ ನೀರು ನಿಲ್ಲುತ್ತೋ ಇಲ್ಲವೋ ಅನ್ನುವ ಸ್ಥಿತಿ. ಹೀಗೆ ಬದುಕಿದವರು 'ಆಗಬಹುದು' ಅನ್ನುತ್ತಾರೆಯೇ ಹೊರತು 'ಪಕ್ಕಾ' ಅನ್ನುವುದಿಲ್ಲ.

ದನದ ಸಂತೆಯಲ್ಲೂ ಅಷ್ಟೇ. ಕಿಲಾರಿ ಕರು ಹುಟ್ಟಿದಾಗ ನೆತ್ತಿಯ ಮೇಲೆ ತುಕ್ಕಿನಂಥ ಕೆಂಪು ಇರುತ್ತದೆ, ಒಂದೆರಡು ತಿಂಗಳಲ್ಲಿ ಮಾಯವಾಗುತ್ತದೆ. ಉತ್ತರ ಕರ್ನಾಟಕದ ರೈತನಿಗೆ ಇದು ಹೊಸ ವಿಷಯ ಅಲ್ಲ. ಕೆಂಪು ಕಂಡು ಅವನು ಹೆದರುವುದಿಲ್ಲ, ಅದು ಹೋಗುತ್ತದೆ ಅಂತ ಜಾಸ್ತಿ ದುಡ್ಡೂ ಕೊಡುವುದಿಲ್ಲ. ಹಲ್ಲು ನೋಡ್ತಾನೆ, ಗೊರಸು ನೋಡ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡ್ತಾನೆ. ಸುಳಿ ನೋಡುವ ಮೂಢನಂಬಿಕೆಯೂ ಇದೆ, ಇಲ್ಲ ಅನ್ನಲ್ಲ. ಆದರೆ ಮೊದಲು ಕಾಲು ನೋಡ್ತಾನೆ. ಅದೇ ರೈತನ ಮಗ ಊರಿಗೆ ಬಂದು ನಾಯಿ ಕೊಳ್ಳುವಾಗ ಮಾತ್ರ ಕಾಲನ್ನೂ ನೋಡುವುದಿಲ್ಲ, ಹಲ್ಲನ್ನೂ ನೋಡುವುದಿಲ್ಲ. ಕೇಳುವ ಮೊದಲ ಪ್ರಶ್ನೆ, "ಕಲರ್ ಯಾವ್ದು ಬರುತ್ತೆ?"

ಇನ್ನೊಂದು ತಮಾಷೆ ಕೇಳಿ. ಯಾವ 'ಸಿಲ್ವರ್'ಗಾಗಿ ಇಷ್ಟೆಲ್ಲ ದುಡ್ಡು ಸುರಿಯುತ್ತಾರೋ, ಆ ಸಿಲ್ವರ್ ಈ ತಳಿಗೆ ಬೇಕಾದ ಬಣ್ಣವೇ ಅಲ್ಲ. ಬ್ರಿಟನ್ನಿನ ಕೆನಲ್ ಕ್ಲಬ್ಬಿನ ನಿಯಮವನ್ನೇ ನೋಡಿ, ಅಮೆರಿಕದ್ದನ್ನೇ ನೋಡಿ, ಎರಡೂ ಕೇಳುವುದು ಗಾಢ ಉಕ್ಕಿನ ನೀಲಿ. ಬೆಳ್ಳಿ ನೀಲಿ ಅಲ್ಲ ಅಂತ ಎರಡರಲ್ಲೂ ಬಿಡಿಸಿ ಬರೆದಿದೆ. ಮರಿಗಳು ಕಪ್ಪಾಗಿ ಹುಟ್ಟುತ್ತವೆ, ಬೆಳೆಯುವ ತನಕ ಹೊಂಬಣ್ಣದಲ್ಲಿ ಕಪ್ಪು ಕೂದಲು ಬೆರೆತಿರುತ್ತದೆ ಅನ್ನುವುದೂ ಅಮೆರಿಕದ ನಿಯಮದಲ್ಲಿದೆ. ಅಂದರೆ ನಮ್ಮ ವ್ಯಾಪಾರಿ ಕೊಡಲಾಗದ ವಸ್ತುವಿಗೆ ಗ್ಯಾರಂಟಿ ಕೊಡುತ್ತಿದ್ದಾನೆ. ಕೊಟ್ಟರೂ ಆ ವಸ್ತು ತಳಿಯ ಲೆಕ್ಕದಲ್ಲಿ ಎರಡನೇ ದರ್ಜೆಯದು. ಅದಕ್ಕೆ ನೀವು ಮೊದಲ ದರ್ಜೆಯ ರೇಟು ಕೊಟ್ಟು ಬರುತ್ತೀರಿ. ಇದಕ್ಕೆ ಏನನ್ನೋಣ?

ಈ ನಾಯಿಯ ಹಿನ್ನೆಲೆಯನ್ನಾದರೂ ತಿಳಿದುಕೊಂಡಿದ್ದರೆ ಇಷ್ಟು ಮರುಳಾಗುತ್ತಿರಲಿಲ್ಲ. ಯಾರ್ಕ್‌ಶೈರ್ ಅಂದರೆ ಇಂಗ್ಲೆಂಡಿನ ಗಿರಣಿ, ಗಣಿಗಳ ಸೀಮೆ. 19ನೇ ಶತಮಾನದಲ್ಲಿ ಉಣ್ಣೆ ಬಟ್ಟೆಯ ಗಿರಣಿಗಳಲ್ಲಿ ದುಡಿಯುವ ನೇಕಾರರು ಇಲಿ ಹಿಡಿಯಲು ಸಾಕಿದ ನಾಯಿಗಳಿಂದ ಬಂದ ತಳಿ ಇದು. ಈ ತಳಿಯ ಮೂಲಪುರುಷ ಅನ್ನಿಸಿಕೊಂಡ ನಾಯಿ ಹಡರ್ಸ್‌ಫೀಲ್ಡ್ ಬೆನ್. 1865ರಲ್ಲಿ ಹುಟ್ಟಿ 1871ರಲ್ಲಿ ಗಾಡಿಯಡಿ ಸಿಕ್ಕು ಸತ್ತಿತು. ಅಷ್ಟರೊಳಗೆ ಪ್ರದರ್ಶನಗಳಲ್ಲೂ ಗೆದ್ದಿತ್ತು, ಇಲಿ ಹಿಡಿಯುವ ಪಂದ್ಯಗಳಲ್ಲೂ ಗೆದ್ದಿತ್ತು. ಬೆವರು ಸುರಿಸುವವರ ಮನೆಯ ನಾಯಿ ಸ್ವಾಮಿ ಇದು. ನಮ್ಮ ಸಂಡೂರಿನಂಥ ಊರಿಗೆ ಹೇಳಿ ಮಾಡಿಸಿದಂತಿತ್ತು. ಅಂದಹಾಗೆ ಅದಿರಿನ ಲಾರಿಗಳು ಹಗಲು ರಾತ್ರಿ ಓಡುತ್ತಿದ್ದ ಆ ವರ್ಷಗಳಲ್ಲಿ ಸಂಡೂರಿನ ರಸ್ತೆ ಬದಿಯ ನಾಯಿಗಳ ಬಣ್ಣವನ್ನು ಹುಟ್ಟುವ ಮೊದಲೇ ಯಾರು ಬೇಕಾದರೂ ಹೇಳಬಹುದಿತ್ತು. ಬಿಳಿಯದಿರಲಿ ಕರಿಯದಿರಲಿ, ಎಲ್ಲವೂ ಕೆಂಪು. ನನಗೆ ಗೊತ್ತಿರುವಂತೆ ತಪ್ಪದೇ ನಿಜವಾದ ಬಣ್ಣದ ಭವಿಷ್ಯ ಅದೊಂದೇ.

ಮರಿ ಹುಟ್ಟುವಾಗಲೇ ನೀಲಿ ಇದೆ, ಕಾಯುವ ಗೋಜೇ ಇಲ್ಲ ಅಂತ ಇನ್ನೂ ಜಾಸ್ತಿ ರೇಟು ಹೇಳುವವರು ಇದ್ದಾರೆ. ಇಂಥ ಕಡೆ ಎಚ್ಚರ. ಯಾರ್ಕಿ ಕಪ್ಪಾಗಿ ಹುಟ್ಟಿ ನೀಲಿಯಾಗಬೇಕು. ಹುಟ್ಟುತ್ತಲೇ ಬೂದು ನೀಲಿ ಇದ್ದರೆ ಅದು ಬಣ್ಣ ತೆಳುವಾಗಿಸುವ ಬೇರೆಯದೇ ಅಂಶದ ಕೆಲಸ ಇರಬಹುದು. ಹೀಗೆ ತೆಳುವಾದ ಬಣ್ಣದ ನಾಯಿಗಳಲ್ಲಿ ಕೆಲವಕ್ಕೆ ಆಮೇಲೆ ಕೂದಲು ಉದುರಿ ಚರ್ಮ ಬರಿದಾಗುವ ಕಾಯಿಲೆ ಬರುತ್ತದೆ. ಯಾರ್ಕಿಯಲ್ಲೂ ಅದು ಕಂಡಿದೆ. ಅಪರೂಪದ ಬಣ್ಣ ಅಂತ ಕೊಂಡದ್ದು ಕೊನೆಗೆ ಚರ್ಮದ ಔಷಧಿಯ ಬಿಲ್ಲು.

ಹಂಪಿಯ ನೆರಳಲ್ಲಿ ಬದುಕುವ ನಮಗೆ ಪ್ರಾಣಿ ವ್ಯಾಪಾರದ ಮೋಸ ಹೊಸದೇನಲ್ಲ. ಮಹಾನವಮಿ ದಿಬ್ಬದ ಕಲ್ಲುಗಳ ಮೇಲೆ ಬೇಟೆ ಇದೆ, ಕುದುರೆ ಇದೆ. ಆ ಕುದುರೆಗಳು ಸಮುದ್ರ ದಾಟಿ ಬರುತ್ತಿದ್ದವು. ಸಾಳುವ ನರಸಿಂಹ ಹೊರ್ಮುಜ್, ಏಡನ್ ಕಡೆಯಿಂದ ಕುದುರೆ ತರಿಸುವಾಗ ಸತ್ತವಕ್ಕೂ ದುಡ್ಡು ಕೊಡುತ್ತಿದ್ದ, ದಾರಿಯಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಬದುಕಿದ ಕುದುರೆಯ ಬೆಲೆಯನ್ನೇ ಎಣಿಸುತ್ತಿದ್ದ ಅಂತ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಅವನಿಗೆ ಯುದ್ಧ ಇತ್ತು, ವ್ಯಾಪಾರಿಗಳು ಬೇರೆ ರಾಜರ ಕಡೆ ಹೋಗಬಾರದಿತ್ತು. ಅದಕ್ಕೊಂದು ಲೆಕ್ಕಾಚಾರ ಇತ್ತು. ನಮಗೆ ಯಾವ ಯುದ್ಧ ಇದೆ? ಬಾಲವನ್ನೂ ನೋಡದೆ ಬರೀ ಫೋಟೋ ನೋಡಿ ಗೂಗಲ್ ಪೇ ಮಾಡುತ್ತೇವೆ.

ಇನ್ನು ಕೊಳ್ಳುವವರ ಜೊತೆಗಿನ ಜಗಳ. ನನ್ನ ಷಡ್ಡಕರು ಸಂಡೂರಿನಲ್ಲಿದ್ದಾರೆ. ಒಬ್ಬ ವ್ಯಾಪಾರಿಯ ಮಾತು ನಂಬಿ ಯಾರ್ಕಿ ತಂದರು. ಬಣ್ಣ ಬರುವ ಮೊದಲೇ ಹೆಸರನ್ನೂ ಇಟ್ಟರು, ಸಿಲ್ವರ್ ಅಂತ. ಒಂದೂವರೆ ವರ್ಷ ಕಳೆಯಿತು. ಸಿಲ್ವರಿನ ಮುಖ ಹೊಂಬಣ್ಣಕ್ಕೆ ತಿರುಗಿತು, ಬೆನ್ನು ಮಾತ್ರ ಕಾಡಿಗೆಯಷ್ಟು ಕಪ್ಪು. ಆರೋಗ್ಯ ಚೆನ್ನಾಗಿದೆ, ಗೇಟಿನ ಸದ್ದಿಗೆ ಓಡಿ ಬರುತ್ತೆ, ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಅವರ ಮಂಚದ ಕೆಳಗೇ ಮಲಗುತ್ತೆ. ಹೋದ ಸಲ ನಾನು ಹೋದಾಗ ಷಡ್ಡಕರು ಅಂದರು, "ಮೋಸ ಹೋದ್ವಿ ಕಣ್ರಿ. ಅವ್ನು ಫೋನೇ ಎತ್ತವಲ್ಲ. ಇದನ್ನ ಯಾರಾದ್ರೂ ತೋಟದ ಮನ್ಯಾರಿಗೆ ಕೊಟ್ಟು ಬ್ಯಾರೆ ತರೋಣ ಅಂತ ಮಾಡೀವಿ." ನಾನು ಕೇಳಿದೆ, "ಅಣ್ಣಾರೆ, ನಾಯಿ ಏನು ತಪ್ಪು ಮಾಡೈತಿ?" ಅವರ ಹತ್ತಿರ ಉತ್ತರ ಇರಲಿಲ್ಲ. ಕಾಫಿ ತಂದಿಟ್ಟ ಅವರ ಮಗಳು ಆ ಮಾತು ಕೇಳಿಸಿಕೊಂಡು, ಏನೂ ಅನ್ನದೆ ನಾಯಿಯನ್ನು ಎತ್ತಿಕೊಂಡು ಒಳಗೆ ಹೋದಳು.

ಆ ಹುಡುಗಿ ಹುಟ್ಟಿದಾಗ ಆಸ್ಪತ್ರೆಯಲ್ಲಿ ನಾನೂ ಇದ್ದೆ. ಮನೆಯ ಹಿರಿಯರು ಕೂಸಿನ ಟೋಪಿ ಸರಿಸಿ ಕಿವಿಯ ಮೇಲಂಚು ನೋಡಿದರು. ಉಗುರಿನ ಬುಡ ನೋಡಿದರು. ಈಗ ಕೆಂಪಗೆ ಕಂಡರೂ ದೊಡ್ಡವಳಾದ ಮೇಲೆ ಕಿವಿಯ ಬಣ್ಣಕ್ಕೇ ಬರುತ್ತಾಳೆ ಅನ್ನುವ ಲೆಕ್ಕ. "ಸ್ವಲ್ಪ ಕಪ್ಪಾಗ್ತಾಳೆ ಅನ್ಸುತ್ತೆ" ಅಂತ ಯಾರೋ ಅಂದರು. ಇನ್ನೂ ಕಣ್ಣು ಸರಿಯಾಗಿ ಬಿಡದ ಕೂಸಿನ ಮೇಲೆ ಮೊದಲ ತೀರ್ಪು. ನಿಮ್ಮ ಮನೆಯಲ್ಲೂ ಇದು ನಡೆದಿದೆ, ಇಲ್ಲ ಅನ್ನಬೇಡಿ. ಬಸುರಿಗೆ ಕೇಸರಿ ಹಾಲು ಕುಡಿಸಿದ್ದೀವಿ. ಕಡಲೆಹಿಟ್ಟು ತಿಕ್ಕಿದ್ದೀವಿ. ವಧುವರರ ಕಾಲಮ್ಮಿನಲ್ಲಿ 'ಗೋಧಿ ಬಣ್ಣ' ಅಂತ ಬರೆಸಿದ್ದೀವಿ. 1975ರಿಂದ ಮಾರಾಟದಲ್ಲಿದ್ದ ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯಿತು. ಟ್ಯೂಬಿನ ಮೇಲಿನ ಹೆಸರು ಬದಲಾಯಿತೇ ಹೊರತು ಕೂಸಿನ ಕಿವಿ ನೋಡುವುದು ನಿಂತಿಲ್ಲ.

ನಾಯಿ ವ್ಯಾಪಾರಿ ಈ ರೋಗವನ್ನು ಹುಟ್ಟು ಹಾಕಿದವನಲ್ಲ. ಅದು ನಮ್ಮಲ್ಲಿದೆ ಅಂತ ಅವನಿಗೆ ಗೊತ್ತು, ಅದಕ್ಕೊಂದು ರೇಟು ಕಟ್ಟಿದ್ದಾನೆ, ಅಷ್ಟೇ. ಮಗುವಿನ ಬಣ್ಣಕ್ಕೆ ಗ್ಯಾರಂಟಿ ಕೊಡುವ ಧೈರ್ಯ ಯಾರಿಗೂ ಇಲ್ಲ, ಮರಿಯ ಬಣ್ಣಕ್ಕೆ ಇದೆ. ಮಗುವನ್ನು ತೋಟದ ಮನೆಗೆ ಕೊಡಲು ಆಗುವುದಿಲ್ಲ, ನಾಯಿಯನ್ನು ಕೊಡಬಹುದು. ವ್ಯತ್ಯಾಸ ಇಷ್ಟೇ. "ನಾಯಿಗೂ ಮಗುವಿಗೂ ಹೋಲಿಸ್ತೀಯಲ್ಲೋ" ಅಂತ ನನ್ನ ಮೇಲೆ ಸಿಟ್ಟಾಗಬೇಡಿ. ಹೋಲಿಸುತ್ತಿರುವುದು ನಾಯಿ ಮಗುವನ್ನಲ್ಲ, ನಮ್ಮ ಕಣ್ಣನ್ನು. ಎರಡೂ ಕಡೆ ನೋಡುವುದು ಅದೇ ಕಣ್ಣು.

ಬಣ್ಣದ ಪ್ರಶ್ನೆಯಿಂದ ಆಗುವ ದೊಡ್ಡ ನಷ್ಟ ದುಡ್ಡಿನದಲ್ಲ. ಅದನ್ನು ಕೇಳುವ ಭರದಲ್ಲಿ ಕೇಳಬೇಕಾದ್ದನ್ನು ಕೇಳುವುದಿಲ್ಲ. ಕೇಳಬೇಕಾದ್ದು ಇವು.

ಮರಿಗೆ ಎಷ್ಟು ವಾರ? 2017ರ ನಾಯಿ ತಳಿ ಅಭಿವೃದ್ಧಿ ಮತ್ತು ಮಾರಾಟದ ಕೇಂದ್ರ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ತಳಿ ಮಾಡಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ನೋಂದಣಿ ಕಾಗದ ತೋರಿಸಪ್ಪ ಅನ್ನಿ. ಅರ್ಧ ಜನ ಅಲ್ಲೇ ಫೋನ್ ಇಡುತ್ತಾರೆ.

ತಾಯಿ ಎಲ್ಲಿ? ಫೋಟೋ ಅಲ್ಲ, ತಾಯಿ. ಅವಳ ವಯಸ್ಸೆಷ್ಟು, ಎಷ್ಟನೇ ಸಲ ಮರಿ ಹಾಕಿದ್ದಾಳೆ? ತಾಯಿಯನ್ನು ತೋರಿಸಲು ಒಲ್ಲೆ ಅನ್ನುವವನ ಹತ್ತಿರ ಮರಿಯನ್ನೂ ತೆಗೆದುಕೊಳ್ಳಬೇಡಿ.

ಮೊಣಕಾಲಿನ ಚಿಪ್ಪು ಜಾರುತ್ತದೆಯೇ? ಸಣ್ಣ ತಳಿಗಳಲ್ಲಿ ಇದು ಸಾಮಾನ್ಯ. ಯಾರ್ಕಿಗೆ ಗಂಟಲ ಕೊಳವೆ ಕುಸಿಯುವ ತೊಂದರೆ, ರಕ್ತ ಪಿತ್ತಜನಕಾಂಗಕ್ಕೆ ಹೋಗದೆ ಪಕ್ಕದಲ್ಲೇ ಹಾದುಹೋಗುವ ಹುಟ್ಟು ದೋಷ, ಇವೆರಡೂ ಬರುವ ಸಾಧ್ಯತೆ ಇದೆ. ಕೊಳ್ಳುವ ಮೊದಲು ಪಶುವೈದ್ಯರ ಹತ್ತಿರ ತೋರಿಸುತ್ತೇನೆ ಅನ್ನಿ.

'ಟೀಕಪ್' ಅಂತಾನಾ? ಹಾಗೊಂದು ತಳಿ ಇಲ್ಲ. ಬೆಳೆದ ಯಾರ್ಕಿ 3.2 ಕಿಲೋ ಮೀರಬಾರದು ಅನ್ನುವುದೇ ನಿಯಮ, ಅದೇ ಸಣ್ಣದು. ಅದಕ್ಕಿಂತ ಗುಬ್ಬಚ್ಚಿಯಂಥ ಮರಿ ಒಂದು ಹೊತ್ತು ಉಪವಾಸ ಬಿದ್ದರೂ ರಕ್ತದ ಸಕ್ಕರೆ ಇಳಿದು ಕಣ್ಣು ತೇಲಿಸುತ್ತದೆ. ರಾತ್ರಿ ಬಸ್ಸಿನ ಬುಟ್ಟಿಯಲ್ಲಿ ಎಷ್ಟು ಮರಿಗಳು ಬೆಳಗಾಗುವುದರೊಳಗೆ ಹಾಗೆ ಹೋಗುತ್ತವೋ, ಲೆಕ್ಕ ಇಡುವವರು ಯಾರು?

ಇಷ್ಟು ಕೇಳಿದ ಮೇಲೂ ಬಣ್ಣದ ಆಸೆ ಹೋಗದಿದ್ದರೆ ಒಂದು ದಾರಿ ಇದೆ. ಎರಡು ವರ್ಷ ತುಂಬಿದ ನಾಯಿಯನ್ನೇ ತನ್ನಿ. ಬಣ್ಣ ಹೆಚ್ಚುಕಡಿಮೆ ಕಣ್ಣೆದುರೇ ಇರುತ್ತದೆ, ಯಾರ ಗ್ಯಾರಂಟಿಯೂ ಬೇಡ. ದೊಡ್ಡ ನಾಯಿ ಬೇಡ, ಮರಿಯೇ ಬೇಕು ಅಂತೀರಾ? ಹಾಗಾದರೆ ಬಣ್ಣ ಅದರ ಇಷ್ಟ. ಮಾರುವವನು ಇನ್ನೂ 'ಪಕ್ಕಾ' ಅಂತಲೇ ಇದ್ದರೆ ಒಂದು ಬಿಳಿ ಹಾಳೆ ಕೊಟ್ಟು, "ಎರಡು ವರ್ಷಕ್ಕೆ ಸಿಲ್ವರ್ ಆಗದಿದ್ದರೆ ಪೂರ್ತಿ ದುಡ್ಡು ವಾಪಸ್, ನಾಯಿ ನಮ್ಮ ಹತ್ತಿರವೇ ಇರುತ್ತೆ ಅಂತ ಬರೆದು ಸಹಿ ಹಾಕಪ್ಪ" ಅನ್ನಿ. 'ಪಕ್ಕಾ' ಎಷ್ಟು ಬೇಗ 'ಬರಬಹುದು' ಆಗುತ್ತದೆ ನೋಡಿ.

ನನ್ನ ಷಡ್ಡಕರು ಇದನ್ನು ಓದುತ್ತಾರೆ ಅಂತ ಗೊತ್ತು. ಅಣ್ಣಾರೆ, ಸಿಲ್ವರ್ ನಿಮ್ಮಲ್ಲೇ ಇರಲಿ. ಇನ್ನೂ ಒಂದು ವರ್ಷ ಟೈಮ್ ಐತಿ, ಬೆನ್ನು ತಿರುಗಿದರೂ ತಿರುಗಬಹುದು. ತಿರುಗದಿದ್ದರೆ ಕಪ್ಪಗೇ ಇರಲಿ ಬಿಡ್ರಿ.